ನಾಟಕದ ಸ್ಟೇಜ್ ಮ್ಯಾನೇಜರ್ ಸಂಘ ಸೇರುವುದು ಯಾವಾಗ?

ಐರಣಿಯಂಥ ಹೊಳೆದಂಡೆಯ ಊರಲ್ಲಿ ಜಾತ್ರೆಗೆ ನಾಟಕ ಆಡಿಸುವಾಗ ಊರ ಹುಡುಗನೊಬ್ಬ ವಿಂಗಿನಲ್ಲಿ ನಿಂತು ಎಲ್ಲ ಸಂಭಾಳಿಸುತ್ತಾನೆ. ಅವನಿಗೆ ಯಾರೂ ಪಗಾರ ಕೊಡುವುದಿಲ್ಲ, ಅವನು ಕೇಳುವುದೂ ಇಲ್ಲ. ಅದೇ ಹುಡುಗ ಮುಂದೆ ಕಂಪನಿ ಸೇರಿ ಬಾದಾಮಿಯ ಬನಶಂಕರಿ ಜಾತ್ರೆಗೋ ಶಿರಸಿಯ ಮಾರಿಕಾಂಬಾ ಜಾತ್ರೆಗೋ ಕ್ಯಾಂಪ್ ಹೋದರೆ ಮಾತು ಬೇರೆ. ಈಗ ಅವನಿಗೊಬ್ಬ ಮಾಲೀಕ ಇದ್ದಾನೆ, ಪಗಾರ ಇದೆ, ಬಾಕಿಯೂ ಇರಬಹುದು. ಸಂಘದ ಪ್ರಶ್ನೆ ಏಳುವುದು ಇಲ್ಲಿ.

ಸ್ಟೇಜ್ ಮ್ಯಾನೇಜರ್ ಅಂದರೆ ರಂಗದ ಹಿಂದಿನ ಕೆಲಸಕ್ಕೆಲ್ಲ ಹೊಣೆಗಾರ. ಬೆಲ್ ಹೊಡೆಸಬೇಕು. ಲೈಟಿನವರಿಗೂ ಹಾರ್ಮೋನಿಯಂ ಮಾಸ್ತರರಿಗೂ ಕ್ಯೂ, ಅಂದರೆ ಶುರು ಮಾಡುವ ಸನ್ನೆ, ಕೊಡಬೇಕು. ಕಂಪನಿ ನಾಟಕದ ಟ್ರಾನ್ಸ್‌ಫರ್ ಸೀನ್ ನೋಡಿದ್ದೀರಲ್ಲ? ಕತ್ತಲಾಗಿ ಬೆಳಕಾಗುವಷ್ಟರಲ್ಲಿ ಅರಮನೆ ಹೋಗಿ ಕಾಡು ಬಂದಿರುತ್ತದೆ. ಆ ಕತ್ತಲಲ್ಲಿ ಹಗ್ಗ, ರಾಟೆ, ಮರದ ಚೌಕಟ್ಟು, ಓಡುವ ನಾಲ್ಕಾರು ಜನ ಎಲ್ಲ ಒಂದೇ ಕಡೆ. ಕೈಕಾಲಿಗೆ ಪೆಟ್ಟಾಗುವುದು ಅಲ್ಲೇ.

ಈಗ ಸಂಘಕ್ಕೆ ಬರೋಣ. ನಮ್ಮ ಕಡೆ ಸಂಘ ಅಂದ ಕೂಡಲೇ ಕಲಾ ಸಂಘ ನೆನಪಾಗುತ್ತದೆ. ಅದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿ ಹುಟ್ಟಿದ್ದು. ನಾಟಕ ಆಡಿಸುತ್ತದೆ, ಸರ್ಕಾರದ ಧನಸಹಾಯಕ್ಕೆ ಅರ್ಜಿ ಹಾಕುತ್ತದೆ. ಕಾರ್ಮಿಕ ಸಂಘ, ಅಂದರೆ ಯೂನಿಯನ್, ಬೇರೆ. ಅದು ಮಾಲೀಕರ ಎದುರು ಕೂತು ಪಗಾರ, ರಜೆ, ಕೆಲಸದ ಹೊತ್ತಿನ ಬಗ್ಗೆ ಮಾತಾಡುವ ಸಂಘ. ಎರಡಕ್ಕೂ ಕನಿಷ್ಠ ಏಳು ಜನ ಬೇಕು, ಹಾಗಾಗಿ ಎರಡೂ ಒಂದೇ ಎಂದು ತಿಳಿಯುವವರಿದ್ದಾರೆ. ಕಲಾ ಸಂಘದ ರಸೀದಿ ಕಿಸೆಯಲ್ಲಿಟ್ಟುಕೊಂಡು ಬಾಕಿ ಪಗಾರ ಕೇಳಲು ಹೋದರೆ ಪ್ರಯೋಜನವಿಲ್ಲ. ಸೇರುವ ಮೊದಲು ನೋಂದಣಿ ಪತ್ರ ನೋಡಿ, ಯಾವ ಕಾಯ್ದೆ ಎಂದು ಓದಿ.

‘ನಾನು ಮ್ಯಾನೇಜರ್. ನನ್ನನ್ನು ಯೂನಿಯನ್ನಿಗೆ ಸೇರಿಸಿಕೊಳ್ಳುತ್ತಾರಾ?’ ಈ ಅನುಮಾನ ಸಹಜ, ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದೂ ಹೌದು. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಎರಡರಲ್ಲೂ ಯೂನಿಯನ್ ಸದಸ್ಯತ್ವದ ಮಟ್ಟಿಗೆ ಉದ್ಯೋಗದಲ್ಲಿರುವ ಎಲ್ಲರೂ ಕಾರ್ಮಿಕರೇ. ಹಾಗಾಗಿ ಸೇರಲು ಅಡ್ಡಿಯಿಲ್ಲ. ತೊಡಕು ಬರುವುದು ತಕರಾರು ಹೂಡುವಾಗ. ಆಡಳಿತದ ಅಧಿಕಾರ ಇರುವವರನ್ನು ಸಂಹಿತೆ ಕಾರ್ಮಿಕರ ಪಟ್ಟಿಯಿಂದ ಹೊರಗಿಡುತ್ತದೆ. ಮೇಲ್ವಿಚಾರಣೆ ಮಾಡುವವರ ಪಗಾರ ತಿಂಗಳಿಗೆ 18,000 ರೂಪಾಯಿ ಮೀರಿದರೆ ಅವರೂ ಹೊರಗೆ. ಆದರೆ ತೀರ್ಮಾನ ಆಗುವುದು ಹುದ್ದೆಯ ಹೆಸರಿನಿಂದಲ್ಲ, ಮಾಡುವ ಕೆಲಸದಿಂದ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ, ತೆಗೆದುಹಾಕುವ ಅಧಿಕಾರ ನಿಮಗಿದೆಯೇ? ಅಥವಾ ನೀವೂ ಪರದೆ ಎಳೆದು, ಸೀನು ಕಟ್ಟಿ, ರಾತ್ರಿ ಲಾರಿಗೆ ಸಾಮಾನು ಹೇರುತ್ತೀರಾ? ಎರಡನೆಯದಾದರೆ ಹ್ಯಾಂಡ್‌ಬಿಲ್ಲಿನಲ್ಲಿ ಮ್ಯಾನೇಜರ್ ಎಂದು ಅಚ್ಚಾಗಿದ್ದರೂ ನಿಮ್ಮ ವಾದಕ್ಕೆ ಬಲವಿದೆ.

ಹಾಗಾದರೆ ಯಾವಾಗ ಸೇರಬೇಕು? ಅಮೆರಿಕದಲ್ಲಿ ಇದು ದೊಡ್ಡ ಲೆಕ್ಕಾಚಾರ. ಅಲ್ಲಿ ನಟರಿಗೂ ಸ್ಟೇಜ್ ಮ್ಯಾನೇಜರುಗಳಿಗೂ ಸೇರಿ 1913ರಲ್ಲಿ ಹುಟ್ಟಿದ ಆಕ್ಟರ್ಸ್ ಈಕ್ವಿಟಿ ಎಂಬ ಒಂದೇ ಸಂಘವಿದೆ. ಸೇರಿದ ಮೇಲೆ ಸಂಘದ ಕರಾರಿಲ್ಲದ ನಾಟಕಗಳಲ್ಲಿ ದುಡಿಯುವಂತಿಲ್ಲ. ಹೀಗಾಗಿ ಬೇಗ ಸೇರಿದರೆ ಸಣ್ಣ ತಂಡಗಳ ಕೆಲಸ ತಪ್ಪುತ್ತದೆ ಎಂದು ಹೊಸಬರು ಹಿಂದೆಮುಂದೆ ನೋಡುತ್ತಾರೆ. ನಮ್ಮ ನಾಟಕ ಕಂಪನಿಗಳಲ್ಲಿ ಅಂಥ ಕಟ್ಟುಪಾಡು ಇಲ್ಲ. ಆದ್ದರಿಂದ ಕಾಯುವ ಲೆಕ್ಕ ನಮಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಊರ ನಾಟಕ ಆಡಿಸುವವರೆಗೆ ಕಲಾ ಸಂಘ ಸಾಕು. ವರ್ಷದ ಅನ್ನ ನಾಟಕದಿಂದಲೇ ಹುಟ್ಟತೊಡಗಿದ ಮೇಲೆ ಯೂನಿಯನ್ ಸೇರಿ. ಜಗಳ ಆದ ಮೇಲೆ ಸೇರಿದರೆ ಆಗದೇ ಎಂದು ಕೇಳಬಹುದು. ಕೆಲಸದಿಂದ ತೆಗೆದುಹಾಕಿದ ತಕರಾರಾದರೆ ಕಾನೂನು ಒಬ್ಬಂಟಿಗೂ ದಾರಿ ಕೊಟ್ಟಿದೆ. ಪಗಾರ ಹೆಚ್ಚಿಸಿ, ವಾರಕ್ಕೊಂದು ರಜೆ ಕೊಡಿ ಎನ್ನುವುದಕ್ಕೆ ಮಾತ್ರ ಮೊದಲೇ ಒಟ್ಟುಗೂಡಿದ ಜನ ಬೇಕು. ಕಂಪನಿಯಲ್ಲಿ ರಂಗದ ಹಿಂದಿನವರೇ ಏಳು ಜನ ಸಿಗುವುದು ಕಷ್ಟ. ನಟರನ್ನೂ ವಾದ್ಯದವರನ್ನೂ ಸೇರಿಸಿಕೊಳ್ಳಿ, ಅದಕ್ಕೆ ತಡೆಯಿಲ್ಲ.

ಖರ್ಚು ದೊಡ್ಡದಲ್ಲ. ಹಳೆಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಲ್ಲಿ ಅಸಂಘಟಿತ ಕಾರ್ಮಿಕರ ಕನಿಷ್ಠ ವಂತಿಗೆ ವರ್ಷಕ್ಕೆ 3 ರೂಪಾಯಿ ಇತ್ತು. ಸಂಘಗಳು ಇದಕ್ಕಿಂತ ಹೆಚ್ಚೇ ಎತ್ತುತ್ತವೆ. ಕೊಟ್ಟದ್ದಕ್ಕೆ ರಸೀದಿ ಕೇಳಿ, ವರ್ಷದ ಲೆಕ್ಕಪತ್ರ ತೋರಿಸಿ ಅನ್ನಿ. ತೋರಿಸಲು ಒಲ್ಲೆ ಎನ್ನುವ ಸಂಘದ ಸಹವಾಸ ಬೇಡ.

ಸಂಘ ಕಟ್ಟುವತನಕ ಸುಮ್ಮನೆ ಕೂರಬೇಡಿ. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಇ-ಶ್ರಮ್ ಕಾರ್ಡ್ ಮಾಡಿಸಬಹುದು, ಖರ್ಚಿಲ್ಲ. ಬ್ಯಾಂಕ್ ಖಾತೆ ಇದ್ದರೆ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಸಿಗುತ್ತದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಹಗ್ಗ, ರಾಟೆ, ಕರೆಂಟಿನ ನಡುವೆ ದುಡಿಯುವವರು ಇದನ್ನು ಬಿಡಬಾರದು. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ರಾಜ್ಯ 2024ರಲ್ಲಿ ಕಾಯ್ದೆ ತಂದಿದೆ. ಸಿನಿಮಾ ಟಿಕೆಟ್ ಮೇಲೆ ಶೇ 1ರಿಂದ 2ರಷ್ಟು ಸೆಸ್, ಅಂದರೆ ಉಪಕರ, ಹಾಕಿ ನಿಧಿ ಕೂಡಿಸುವುದು ಅದರ ದಾರಿ. ನಿಮ್ಮಂಥ ಕೆಲಸದವರ ನೋಂದಣಿ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ಕೇಳಿ.

ಐರಣಿಯವರಿಗೆ ರಾಣೆಬೆನ್ನೂರಿನ ಕಾರ್ಮಿಕ ನಿರೀಕ್ಷಕರ ಕಚೇರಿ ಹತ್ತಿರ, ಬ್ಯಾಡಗಿಯವರು ತಮ್ಮ ತಾಲ್ಲೂಕಿನಲ್ಲೇ ವಿಚಾರಿಸಬಹುದು. ಕಲಾವಿದರ ಮಾಸಾಶನದಂಥ ವಿಷಯಕ್ಕೆ ಹಾವೇರಿಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಹೋಗಬೇಕು. ಎಲ್ಲಿ ಹೋದರೂ ಮೊದಲ ಪ್ರಶ್ನೆ, ದುಡಿದದ್ದಕ್ಕೆ ದಾಖಲೆ ಏನು? ನಟನಿಗೆ ಹ್ಯಾಂಡ್‌ಬಿಲ್ಲು ಸಾಕು, ಅದರಲ್ಲಿ ಫೋಟೋ ಇರುತ್ತದೆ. ಪರದೆ ಹಿಂದಿನವರ ಹೆಸರು ಅದರಲ್ಲಿ ಬರುವುದೇ ಅಪರೂಪ. ಮುಂದಿನ ಕ್ಯಾಂಪಿನ ಹ್ಯಾಂಡ್‌ಬಿಲ್ಲು ಅಚ್ಚಿಗೆ ಹೋಗುವ ಮೊದಲೇ ಮಾಲೀಕರಿಗೆ ಹೇಳಿ ನಿಮ್ಮ ಹೆಸರು ಹಾಕಿಸಿ. ಪಗಾರ ಕೈಗೆ ಬಂದ ದಿನ ತಾರೀಖು, ಊರು, ಮೊತ್ತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಾಲೀಕರ ಸಹಿ ಹಾಕಿಸಿಕೊಳ್ಳಿ.