ಪ್ರಾಸ್ಟೇಟ್ ಕ್ಯಾನ್ಸರ್‌ಗೆ ನಿಯಂತ್ರಿತ ವಂಶವಾಹಿ ಚಿಕಿತ್ಸೆ

ನಿಯಂತ್ರಿತ ವಂಶವಾಹಿ ಚಿಕಿತ್ಸೆಯು ಗೆಡ್ಡೆಯ ಜೀವಕೋಶಗಳಿಗೆ ಹೊಸ ವಂಶವಾಹಿಯೊಂದನ್ನು (ಜೀನ್) ಸೇರಿಸಿ, ಅದರ ಪರಿಣಾಮವನ್ನು ಹೊರಗಿನಿಂದ ನೀಡುವ ಔಷಧದ ಮೂಲಕ ಹತೋಟಿಯಲ್ಲಿಡುವ ವಿಧಾನವಾಗಿದೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಇದರ ಪರೀಕ್ಷೆ 1990ರ ದಶಕದಲ್ಲಿ ಆರಂಭವಾಯಿತು.

ಹಿನ್ನೆಲೆ

ಪ್ರಾಸ್ಟೇಟ್ ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುವ ಗ್ರಂಥಿ. ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯಲ್ಲಿ ಸುತ್ತಲಿನ ನರಗಳಿಗೆ ಹಾನಿಯಾದರೆ ಮೂತ್ರ ಸೋರಿಕೆ ಹಾಗೂ ಲೈಂಗಿಕ ದೌರ್ಬಲ್ಯ ಉಂಟಾಗಬಹುದು. ಕೆಲವರಲ್ಲಿ ಚಿಕಿತ್ಸೆಯ ನಂತರವೂ ರೋಗ ಮರುಕಳಿಸುತ್ತದೆ. ಆದ್ದರಿಂದ ಆರೋಗ್ಯವಂತ ಅಂಗಾಂಶವನ್ನು ಉಳಿಸಿ ಕ್ಯಾನ್ಸರ್ ಕೋಶಗಳನ್ನಷ್ಟೇ ನಾಶಪಡಿಸುವ ಮಾರ್ಗಗಳನ್ನು ಸಂಶೋಧಕರು ಹುಡುಕುತ್ತಿದ್ದಾರೆ.

ಕಾರ್ಯವಿಧಾನ

ಹೆಚ್ಚು ಬಳಕೆಯಲ್ಲಿರುವುದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಥೈಮಿಡಿನ್ ಕೈನೇಸ್ ಎಂಬ ಕಿಣ್ವದ ವಂಶವಾಹಿ. ಇದನ್ನು ಅಡಿನೋವೈರಸ್‌ನಲ್ಲಿ ಅಳವಡಿಸಿ, ಸೂಜಿಯ ಮೂಲಕ ಗ್ರಂಥಿಗೆ ಚುಚ್ಚಲಾಗುತ್ತದೆ. ಕಿಣ್ವವೊಂದರಿಂದಲೇ ಕೋಶ ಸಾಯುವುದಿಲ್ಲ. ನಂತರ ಗ್ಯಾನ್‌ಸೈಕ್ಲೋವಿರ್ ಅಥವಾ ವ್ಯಾಲಾಸೈಕ್ಲೋವಿರ್ ನೀಡಿದಾಗ ಕಿಣ್ವವು ಆ ಔಷಧವನ್ನು ವಿಷಕಾರಿ ರೂಪಕ್ಕೆ ಪರಿವರ್ತಿಸುವ ಕ್ರಿಯೆಯನ್ನು ಆರಂಭಿಸುತ್ತದೆ. ಅದು ಡಿಎನ್‌ಎ ನಕಲಾಗುವುದನ್ನು ತಡೆಯುವುದರಿಂದ ವಿಭಜನೆಗೊಳ್ಳುತ್ತಿರುವ ಕೋಶ ಸಾಯುತ್ತದೆ. ಈ ವಿಷ ಪಕ್ಕದ ಕೋಶಗಳಿಗೂ ಹರಡಬಲ್ಲದು. ಹೀಗಾಗಿ ವಂಶವಾಹಿ ತಲುಪದ ಕೆಲವು ಕ್ಯಾನ್ಸರ್ ಕೋಶಗಳೂ ನಾಶವಾಗುತ್ತವೆ. ಔಷಧವನ್ನು ನಿಲ್ಲಿಸಿದರೆ ಹೊಸದಾಗಿ ವಿಷ ಉತ್ಪತ್ತಿಯಾಗುವುದಿಲ್ಲ.

ಎರಡನೆಯ ನಿಯಂತ್ರಣವನ್ನು ಪ್ರವರ್ತಕ ಎಂಬ ಡಿಎನ್‌ಎ ಭಾಗದಿಂದ ಸಾಧಿಸಬಹುದು. ಪಿಎಸ್‌ಎ ಪ್ರೋಟೀನಿನ ಪ್ರವರ್ತಕವು ಮುಖ್ಯವಾಗಿ ಪ್ರಾಸ್ಟೇಟ್ ಕೋಶಗಳಲ್ಲಿ ಸಕ್ರಿಯವಾಗಿರುತ್ತದೆ. ವಂಶವಾಹಿಯನ್ನು ಇದಕ್ಕೆ ಜೋಡಿಸಿದರೆ, ವೈರಸ್ ಯಕೃತ್ತಿಗೆ ತಲುಪಿದರೂ ಅಲ್ಲಿ ವಂಶವಾಹಿ ಬಹುಮಟ್ಟಿಗೆ ನಿಷ್ಕ್ರಿಯವಾಗಿ ಉಳಿಯುತ್ತದೆ. ಆದರೆ ಈ ಪ್ರವರ್ತಕವು ಆಂಡ್ರೋಜನ್ ಹಾರ್ಮೋನನ್ನು ಅವಲಂಬಿಸಿದೆ. ಆದ್ದರಿಂದ ಆಂಡ್ರೋಜನ್ ತಗ್ಗಿಸುವ ಚಿಕಿತ್ಸೆಯಲ್ಲಿ ಇದು ದುರ್ಬಲವಾಗಬಹುದು.

ಮಾನವ ಪ್ರಯೋಗಗಳು

ಅಮೆರಿಕದ ಹ್ಯೂಸ್ಟನ್‌ನ ಬೇಯ್ಲರ್ ವೈದ್ಯಕೀಯ ಕಾಲೇಜಿನ ತಂಡವು ವಿಕಿರಣ ಚಿಕಿತ್ಸೆಯ ನಂತರ ರೋಗ ಮರುಕಳಿಸಿದ್ದ 18 ರೋಗಿಗಳ ಮೊದಲ ಹಂತದ ಪ್ರಯೋಗದ ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿತು. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ಥೈಮಿಡಿನ್ ಕೈನೇಸ್ ಜೊತೆಗೆ ಸೈಟೊಸಿನ್ ಡಿಅಮಿನೇಸ್ ಕಿಣ್ವದ ವಂಶವಾಹಿಯನ್ನೂ ಹೊತ್ತ ವೈರಸ್ ಅನ್ನು ಬಳಸಿದರು. ಈ ಎರಡನೆಯ ಕಿಣ್ವವು ಶಿಲೀಂಧ್ರನಾಶಕ ಔಷಧವಾದ 5-ಫ್ಲೂರೋಸೈಟೊಸಿನ್ ಅನ್ನು ಕ್ಯಾನ್ಸರ್ ಔಷಧವಾದ 5-ಫ್ಲೂರೋಯುರಾಸಿಲ್ ಆಗಿ ಪರಿವರ್ತಿಸುತ್ತದೆ. ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 745 ರೋಗಿಗಳ ಮೂರನೆಯ ಹಂತದ ಪ್ರಯೋಗದಲ್ಲಿ, ಥೈಮಿಡಿನ್ ಕೈನೇಸ್ ಆಧಾರಿತ ಚಿಕಿತ್ಸೆಯು ರೋಗಮುಕ್ತ ಅವಧಿಯನ್ನು ಹೆಚ್ಚಿಸಿತೆಂದು 2024ರ ಡಿಸೆಂಬರ್‌ನಲ್ಲಿ ವರದಿಯಾಯಿತು.

ಮಿತಿಗಳು

ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ನಿಧಾನವಾಗಿ ವಿಭಜನೆಗೊಳ್ಳುವುದರಿಂದ ಔಷಧದ ಪರಿಣಾಮ ಕುಗ್ಗಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯು ಅಡಿನೋವೈರಸ್ ಅನ್ನು ಬೇಗನೆ ನಾಶಪಡಿಸಬಲ್ಲದು. ಗ್ರಂಥಿಗೆ ನೀಡುವ ಚುಚ್ಚುಮದ್ದು ಮೂಳೆಗಳಿಗೆ ಹರಡಿದ ಗೆಡ್ಡೆಗಳನ್ನು ನೇರವಾಗಿ ತಲುಪುವುದಿಲ್ಲ. ಸಾಯುವ ಕ್ಯಾನ್ಸರ್ ಕೋಶಗಳು ರೋಗನಿರೋಧಕ ವ್ಯವಸ್ಥೆಯನ್ನು ಗೆಡ್ಡೆಯ ವಿರುದ್ಧ ಪ್ರಚೋದಿಸುವುದನ್ನು ಬಳಸಿಕೊಂಡು ಈ ಕೊರತೆಯನ್ನು ನೀಗಿಸುವ ಬಗ್ಗೆ ಸಂಶೋಧನೆಗಳು ನಡೆದಿವೆ.