ಐವರಿದ್ದೂ ಗೋಲಿಲ್ಲ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲೈನಾ ರಿಂಕ್ ಎಂಬ ಐಸ್ ಹಾಕಿ ಅಂಗಣವಿದೆ. ಕಟ್ಟಿದ್ದು 1957ರಲ್ಲಿ, ಹಿಡಿಸುವುದು 4,267 ಜನ. ವಿದ್ಯಾರ್ಥಿಗಳು ಆಟ ಮುಗಿಯುವವರೆಗೂ ನಿಂತೇ ಇರುತ್ತಾರೆ. ಎದುರಾಳಿ ಆಟಗಾರರ ಹೆಸರು ಕೂಗುವಾಗ ಪತ್ರಿಕೆ ಬಿಡಿಸಿ, ಮುಖ ಮುಚ್ಚಿ, ಓದುವವರಂತೆ ನಟಿಸುತ್ತಾರೆ. ಗೋಲು ಬಿದ್ದರೆ ಸಾವಿರಾರು ಜನ ಒಟ್ಟಿಗೆ ಎದುರಿನ ಗೋಲ್‌ಕೀಪರ್‌ನತ್ತ ಬೆರಳು ಚಾಚಿ ‘ಸೀವ್’ ಎಂದು ಕೂಗುತ್ತಾರೆ, ಅಂದರೆ ಜರಡಿ. ಹಾರ್ವರ್ಡ್ ತಂಡ ಬಂದ ರಾತ್ರಿ ಪ್ರೇಕ್ಷಕರು ಎಸೆದ ಮೀನು ಮಂಜುಗಡ್ಡೆಯ ಮೇಲೆ ಬೀಳುತ್ತದೆ.

ಇಷ್ಟು ಗದ್ದಲದ ಜನರನ್ನೂ ಸುಮ್ಮನಾಗಿಸುವ ಒಂದು ಹೊತ್ತಿದೆ. ತಮ್ಮದೇ ತಂಡದ ಪವರ್ ಪ್ಲೇ ಎರಡನೇ ನಿಮಿಷಕ್ಕೆ ಕಾಲಿಟ್ಟು, ಪಕ್, ಅಂದರೆ ಚೆಂಡಿನ ಬದಲಿನ ರಬ್ಬರ್ ಬಿಲ್ಲೆ, ಇನ್ನೂ ಗೋಲಿನ ಹತ್ತಿರ ಸುಳಿಯದೇ ಇರುವ ಹೊತ್ತು. ಇದು ಲೈನಾ ಒಂದರ ಸಂಕಟವೂ ಅಲ್ಲ. ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನಿಂದ ಬಾಸ್ಟನ್ ತನಕ, ಕಾಲೇಜು ಹಾಕಿ ಬೇರೂರಿದ ಊರುಗಳಲ್ಲೆಲ್ಲ ಚಳಿಗಾಲದ ವಾರಾಂತ್ಯ ಮುಗಿಯುತ್ತಿದ್ದಂತೆ ಚರ್ಚೆ ಶುರುವಾಗುತ್ತದೆ: ನಮ್ಮ ಪವರ್ ಪ್ಲೇಗೆ ಏನಾಗಿದೆ?

ಕ್ರಿಕೆಟ್ಟಿನ ಪವರ್ ಪ್ಲೇ ಬಲ್ಲ ನಮಗೆ ಇದು ಬೇರೆ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ಐವರು ಆಡುತ್ತಾರೆ. ಸಣ್ಣ ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಆಗ ಐವರಿಗೆ ಎದುರು ನಾಲ್ವರು. ಗೋಲು ಬಿತ್ತೋ, ಕೂತವನು ಎದ್ದು ಬರುತ್ತಾನೆ. ಮೊದಲು ಹೀಗಿರಲಿಲ್ಲ, ಎರಡು ನಿಮಿಷವೂ ಕೂತೇ ಇರಬೇಕಿತ್ತು. 1955ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನ ಜಾನ್ ಬೆಲಿವೋ ಬಾಸ್ಟನ್ ವಿರುದ್ಧ ಇಂಥ ಅವಧಿಯಲ್ಲಿ 44 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದ. ಮರುವರ್ಷ ವೃತ್ತಿಪರ ಲೀಗ್ ನಿಯಮವನ್ನೇ ಬದಲಿಸಿತು.

ಒಬ್ಬ ಹೆಚ್ಚಿದ್ದಾನೆ, ಎರಡು ನಿಮಿಷ ಇದೆ. ಹಾಗಿದ್ದೂ ಐದು ಅವಕಾಶಕ್ಕೆ ಒಂದು ಗೋಲಾದರೆ ಆ ತಂಡಕ್ಕೆ ಪಾಸ್ ಮಾರ್ಕು. ನಾಲ್ಕಕ್ಕೆ ಒಂದಾದರೆ ಅದು ದೇಶದ ಉತ್ತಮ ತಂಡಗಳ ಸಾಲಿನಲ್ಲಿರುತ್ತದೆ. ಎಂಟಕ್ಕೆ ಒಂದಕ್ಕಿಳಿದರೆ ಗ್ಯಾಲರಿ ಕೋಚ್‌ನ ಹೆಸರು ಹಿಡಿದು ಮಾತಾಡುತ್ತದೆ. ಪೆನಾಲ್ಟಿ ಕಾರ್ನರ್ ಮೇಲೆ ಪೆನಾಲ್ಟಿ ಕಾರ್ನರ್ ಪೋಲಾಗುವುದನ್ನು ನೋಡಿದ ಕೊಡಗಿನ ಹಾಕಿ ಪ್ರೇಮಿಗೆ ಈ ಹೊಟ್ಟೆಯುರಿಯನ್ನು ವಿವರಿಸಬೇಕಾಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆಯೇ ಅದು.

ಅಭಿಮಾನಿಗಳ ದೂರುಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂದೇ ಪದದ್ದು: ‘ಶೂಟ್!’ ಎದುರಾಳಿಯ ಪಾಳಯ ಶುರುವಾಗುವ ನೀಲಿ ಗೆರೆಯ ಬಳಿಯ ಆಟಗಾರನ ಕೋಲಿಗೆ ಪಕ್ ಬಂತೆಂದರೆ ಇಡೀ ಗ್ಯಾಲರಿ ಕೂಗುತ್ತದೆ. ಈ ಕೂಗಿನ ಹಿಂದಿನ ಆಸೆ ನನಗೆ ಗೊತ್ತು, ಆದರೂ ಈ ಸಲಹೆ ತಪ್ಪು ಎಂದೇ ನನ್ನ ಅನಿಸಿಕೆ. ಗೋಲಿನ ಮುಂದೆ ನಾಲ್ವರು ಚೌಕವಾಗಿ ನಿಂತಿರುತ್ತಾರೆ. ಅಷ್ಟು ದೂರದಿಂದ ಬೀಸಿದ ಹೊಡೆತ ಒಬ್ಬನ ಕಾಲಿನ ಪ್ಯಾಡಿಗೆ ಬಡಿದು ಹಿಂದಕ್ಕೆ ಹಾರುತ್ತದೆ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಗೋಲ್‌ಕೀಪರ್ ಎಡದಿಂದ ಬಲಕ್ಕೆ ಜಾರಲೇಬೇಕಾದ ಸ್ಥಿತಿ ಬರಬೇಕು. ಪಕ್ ಅಂಗಣದ ನಡುವನ್ನು ಅಡ್ಡಲಾಗಿ ದಾಟಿ ಆಚೆ ಬದಿಯ ಕೋಲಿಗೆ ತಲುಪಿ, ಅಲ್ಲಿಂದ ನಿಲ್ಲಿಸದೆಯೇ ಹೊಡೆದರೆ ಅವನು ಅರ್ಧ ದಾರಿಯಲ್ಲಿರುತ್ತಾನೆ. ಇಲ್ಲವೇ ಅವನ ಕಣ್ಣ ಮುಂದೆ ನಮ್ಮವನೊಬ್ಬ ಗೋಡೆಯಂತೆ ನಿಂತಿರಬೇಕು. ಈಗ ಬಹುತೇಕ ತಂಡಗಳು ಹಿಂದೆ ಒಬ್ಬ, ನಡುವೆ ಅಡ್ಡಸಾಲಿನಲ್ಲಿ ಮೂವರು, ಗೋಲಿನ ಬಾಯಲ್ಲಿ ಒಬ್ಬ ಎಂಬ ಜೋಡಣೆಯಲ್ಲಿ ನಿಲ್ಲುವುದು ಇದಕ್ಕೇ. ಆ ಜೋಡಣೆ ಸತ್ತಂತೆ ಕಂಡರೆ, ಐವರೂ ನಿಂತಲ್ಲೇ ನಿಂತು ಪಕ್ಕನ್ನು ಹೊರಸುತ್ತಲ್ಲೇ ಸುತ್ತಿಸುತ್ತಿದ್ದಾರೆ ಎಂದೇ ಅರ್ಥ.

ಆದರೆ ವರ್ಷಗಟ್ಟಲೆ ಅದೇ ಸೀಟಿನಲ್ಲಿ ಕೂತು ನೋಡಿದವರು ಹೊಡೆತಕ್ಕಿಂತ ಮೊದಲಿನದನ್ನು ಹೇಳುತ್ತಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಪವರ್ ಪ್ಲೇ ಶುರುವಾಗುವುದು ಎದುರಾಳಿಯ ಪಾಳಯದಲ್ಲೇ, ಇಬ್ಬರು ಎದುರುಬದುರು ನಿಂತು ಪಕ್ಕಿಗಾಗಿ ಕೋಲು ತಾಗಿಸುವುದರಿಂದ. ಅಲ್ಲಿ ಸೋತರೆ ಎದುರಾಳಿ ಪಕ್ಕನ್ನು 200 ಅಡಿ ಉದ್ದದ ಅಂಗಣದ ಆ ತುದಿಗೆ ಬಡಿದಟ್ಟುತ್ತಾನೆ. ಬೇರೆ ಹೊತ್ತಲ್ಲಾದರೆ ಹಾಗೆ ಅಟ್ಟುವುದು ತಪ್ಪು. ಒಬ್ಬ ಕಡಿಮೆ ಇದ್ದಾಗ ಅದಕ್ಕೆ ವಿನಾಯಿತಿ. ಹೋಗಿ ತಂದು, ಮತ್ತೆ ಜೋಡಿಸಿಕೊಳ್ಳುವಷ್ಟರಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಹೋಯಿತು. ಎರಡು ಸಲ ಹೀಗಾದರೆ ಪವರ್ ಪ್ಲೇಯ ಮೂರನೇ ಒಂದು ಭಾಗದವರೆಗೂ ಕರಗಬಹುದು. ಆಮೇಲೆ ನೀಲಿ ಗೆರೆ ದಾಟಬೇಕು. ಅಲ್ಲಿ ನಾಲ್ವರು ಸಾಲಾಗಿ ಕಾಯುತ್ತಿರುತ್ತಾರೆ, ಪಕ್ಕಿಗಿಂತ ಮೊದಲು ಒಳಹೊಕ್ಕರೆ ಆಫ್‌ಸೈಡ್. ಅದಕ್ಕಾಗಿ ಮುಂದೆ ಹೋಗುತ್ತಿದ್ದವನು ಪಕ್ಕನ್ನು ಹಿಂದೆ ವೇಗವಾಗಿ ಬರುತ್ತಿರುವವನಿಗೆ ಬಿಟ್ಟುಕೊಡುತ್ತಾನೆ. ಗ್ಯಾಲರಿಗೆ ಇದನ್ನು ಕಂಡರಾಗದು, ಮುಂದಕ್ಕೆ ಹೋಗಬೇಕಾದಾಗ ಹಿಂದಕ್ಕೆ ಯಾಕೆ ಎನ್ನುತ್ತದೆ. ಕಾವಲಿನವರು ಮೊದಲಿನವನ ಜೊತೆ ಹಿಂದೆ ಸರಿದಿರುತ್ತಾರೆ, ಎರಡನೆಯವನು ಪೂರ್ತಿ ವೇಗದಲ್ಲಿ ಬಂದು ಆ ಸಂದಿಯಲ್ಲಿ ನುಗ್ಗುತ್ತಾನೆ ಎಂಬ ಲೆಕ್ಕ ಸರಿಯಾದದ್ದೇ. ಪ್ರತಿ ಸಲವೂ ಅದನ್ನೇ ಮಾಡಿದರೆ ಮಾತ್ರ ಎದುರಾಳಿ ಕಲಿತುಬಿಡುತ್ತಾನೆ. ನನ್ನ ಪ್ರಕಾರ ಕುಂಟುವ ಪವರ್ ಪ್ಲೇಯ ಕಾಯಿಲೆ ಹೆಚ್ಚಾಗಿ ಈ ಗೆರೆಯಲ್ಲಿದೆ. ಗೋಲಿನ ಮುಂದೆ ಕಾಣುವುದು ಅದರ ಲಕ್ಷಣ.

ಇನ್ನು ಅಂಕಿಯ ವಿಷಯ. ಒಂದು ವಾರಾಂತ್ಯ, ಶುಕ್ರವಾರ ಶನಿವಾರ ಎರಡು ಪಂದ್ಯ, ಏಳು ಅವಕಾಶ, ಒಂದೂ ಗೋಲಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲ ಕೆಟ್ಟುಹೋದಂತೆ ಅನಿಸುತ್ತದೆ. ಐದಕ್ಕೆ ಒಂದು ಹೊಡೆಯಬಲ್ಲ ಒಳ್ಳೆಯ ತಂಡವೂ ಏಳರಲ್ಲಿ ಬರಿಗೈಯಾಗುವ ಸಾಧ್ಯತೆ ಐದರಲ್ಲಿ ಒಂದು. ಅಂದರೆ ಹದಿನೈದು ವಾರಾಂತ್ಯದಲ್ಲಿ ಸುಮಾರು ಮೂರು ಹೀಗೆ ಬರಡಾಗಿಯೇ ಹೋಗುತ್ತವೆ, ಯಾರ ತಪ್ಪೂ ಇಲ್ಲದೆ. ಅದೇ ನಾಲ್ಕು ವಾರ, 28 ಅವಕಾಶ ಬರಿದಾದರೆ? ಆ ತಂಡಕ್ಕೆ ಅದು ಸಾವಿರದಲ್ಲಿ ಎರಡು ಸಲ ಆಗುವಂಥದ್ದು. ಆಗ ಕೋಪಕ್ಕೆ ಆಧಾರವಿದೆ.

ಕೋಪ ಯಾರ ಮೇಲೆ ಎನ್ನುವಲ್ಲಿ ನನಗೆ ಈ ಹುಡುಗರ ಬಗ್ಗೆ ಕರುಣೆ ಹುಟ್ಟುತ್ತದೆ. ಆಟದ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಆಟದ ಕೆಲಸ ಹೇರುವಂತಿಲ್ಲ ಎಂಬುದು ಕಾಲೇಜು ಕ್ರೀಡೆಯ ನಿಯಮ. ಪಂದ್ಯದ ದಿನಕ್ಕೆ ಮೂರು ಗಂಟೆ ಲೆಕ್ಕ. ಎರಡು ಪಂದ್ಯ ಕಳೆದರೆ ಉಳಿಯುವ ಹದಿನಾಲ್ಕರಲ್ಲಿ ಜಿಮ್, ವಿಡಿಯೊ, ಅಭ್ಯಾಸ ಎಲ್ಲವೂ ಆಗಬೇಕು. ಪವರ್ ಪ್ಲೇಗೆ ಸಿಗುವುದು ಅದರಲ್ಲೊಂದು ಚೂರು. ವೃತ್ತಿಪರರು ವರ್ಷಕ್ಕೆ 80ಕ್ಕೂ ಹೆಚ್ಚು ಪಂದ್ಯ ಆಡುತ್ತ ಒಬ್ಬರ ಕಣ್ಸನ್ನೆ ಇನ್ನೊಬ್ಬರು ಕಲಿಯುತ್ತಾರೆ. ಇವರಿಗೆ ಸಾಮಾನ್ಯವಾಗಿ ಅದರ ಅರ್ಧವೂ ಇಲ್ಲ. ಹೇಗೋ ಕೈ ಕೂಡಿತು ಎನ್ನುವಷ್ಟರಲ್ಲಿ ಒಬ್ಬ ಪದವಿ ಮುಗಿಸಿದ, ಇನ್ನೊಬ್ಬನನ್ನು ವೃತ್ತಿಪರ ಲೀಗ್ ಕರೆದುಕೊಂಡಿತು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕೇಲ್ ಮಕಾರ್ 2019ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನೆಂಬ ಹೋಬಿ ಬೇಕರ್ ಪ್ರಶಸ್ತಿ ಪಡೆದ. ಏಪ್ರಿಲ್ 13ರ ರಾಷ್ಟ್ರೀಯ ಕಾಲೇಜು ಫೈನಲ್‌ನಲ್ಲಿ ಮಿನೆಸೋಟ ಡುಲುತ್ ಎದುರು ಅವನ ತಂಡ 3–0ರಿಂದ ಸೋತಿತು. ಎರಡೇ ದಿನಕ್ಕೆ ಅವನು ಕೊಲರಾಡೊ ಪರ ವೃತ್ತಿಪರ ಪ್ಲೇಆಫ್‌ಗಿಳಿದು ಗೋಲು ಹೊಡೆದ. ನೀಲಿ ಗೆರೆಯ ಮೇಲೆ ನಿಂತು ಆಟ ಕಟ್ಟುವ ಅಂಥವನನ್ನು ಕಳಿಸಿಕೊಟ್ಟ ತಂಡ ಅಕ್ಟೋಬರ್‌ನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಪ್ರತಿಭೆ ತುಂಬಿತುಳುಕಿದರೂ ಗೋಲು ಖಾತ್ರಿಯಿಲ್ಲ ಎನ್ನುವುದಕ್ಕೆ 2024ರ ಬಾಸ್ಟನ್ ಕಾಲೇಜು ಇದೆ. ಋತುವಿನಲ್ಲಿ 34 ಪಂದ್ಯ ಗೆದ್ದ ತಂಡ, ದೇಶದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ವಿಲ್ ಸ್ಮಿತ್ ಇದ್ದ ತಂಡ, ಫೈನಲ್‌ನಲ್ಲಿ ಡೆನ್ವರ್‌ನ ಗೋಲ್‌ಕೀಪರ್ ಮ್ಯಾಟ್ ಡೇವಿಸ್ ಎದುರು 35 ಹೊಡೆತ ಹೊಡೆದು ಸೊನ್ನೆಯೊಂದಿಗೆ ಮರಳಿತು.

ಪವರ್ ಪ್ಲೇ ಬಗ್ಗೆ ಬೇಸರವಾದಾಗಲೆಲ್ಲ ನಾನು ನೆನೆಯುವುದು ಅದೇ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಪುಟ್ಟ ಊರನ್ನು. 1980ರ ಫೆಬ್ರುವರಿ 22, ಒಲಿಂಪಿಕ್ಸ್. ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಮೂರು ಪ್ರಶಸ್ತಿ ಗೆದ್ದುಕೊಟ್ಟಿದ್ದ ಹರ್ಬ್ ಬ್ರೂಕ್ಸ್ ಕಾಲೇಜು ಹುಡುಗರ ಅಮೆರಿಕ ತಂಡವನ್ನು ಕಟ್ಟಿಕೊಂಡು ಸೋವಿಯತ್ ತಂಡವನ್ನು ಎದುರಿಸುತ್ತಿದ್ದರು. ಕೊನೆಯ ಅವಧಿ, 3–2ರ ಹಿನ್ನಡೆ. ಸೋವಿಯತ್‌ನ ಕ್ರುತೊವ್ ಪೆನಾಲ್ಟಿ ಬಾಕ್ಸಿಗೆ ಹೋದ. ಎರಡು ನಿಮಿಷ ಮುಗಿಯುತ್ತ ಬಂತು, ಗೋಲಿನ ಸುಳಿವಿಲ್ಲ. ಡೇವ್ ಸಿಲ್ಕ್ ಬೀಳುತ್ತ ಬೀಳುತ್ತಲೇ ಪಕ್ಕನ್ನು ಗೋಲಿನತ್ತ ದೂಡಿದ. ಸೋವಿಯತ್ ಕಾವಲುಗಾರನಿಗೆ ಅದು ಸಿಗದೆ ಜಾರಿತು. ವಿಸ್ಕಾನ್ಸಿನ್‌ನ ಮಾರ್ಕ್ ಜಾನ್ಸನ್ ಅದನ್ನು ಗೋಲ್‌ಕೀಪರ್‌ನ ಅಡಿಯಿಂದ ತೂರಿಸಿದ. ಎರಡು ನಿಮಿಷ ಕಳೆಯುವ ಮೊದಲೇ ಮೈಕ್ ಎರುಜಿಯೋನ್ ನಾಲ್ಕನೆಯದನ್ನು ಹೊಡೆದ, ಜಗತ್ತಿಗೆ ನೆನಪಿರುವುದು ಆ ಗೋಲು. ಸಮಬಲ ತಂದ ಜಾನ್ಸನ್‌ನ ಗೋಲು ಬಿದ್ದಾಗ ಆ ಪವರ್ ಪ್ಲೇಯಲ್ಲಿ ಹತ್ತು ಸೆಕೆಂಡೂ ಉಳಿದಿರಲಿಲ್ಲ.