ಬೊಲಿಂಜರ್ ಮನೆತನದ ಉತ್ತರಾಧಿಕಾರ

ಹಲವು ತಲೆಮಾರುಗಳಿಂದ ಒಂದೇ ಮನೆತನದ ಸ್ವಾಧೀನದಲ್ಲಿರುವ ವ್ಯವಹಾರವೆಂದೊಡನೆ, ಅದು ತಂದೆಯಿಂದ ಮಗನಿಗೆ ಸಂದುದೆಂದು ಭಾವಿಸುವುದು ವಾಡಿಕೆ. ಫ್ರಾನ್ಸ್ ದೇಶದ ಷಾಂಪೇನ್ ಪ್ರಾಂತದಲ್ಲಿ, ಆಯಿ ಎಂಬ ಊರಿನಲ್ಲಿರುವ ಬೊಲಿಂಜರ್ ಸಂಸ್ಥೆಯ ಚರಿತ್ರೆಯನ್ನು ಪರಾಮರ್ಶಿಸಿದರೆ ಈ ಭಾವನೆಯು ಅಸಮಗ್ರವೆಂಬುದು ವಿಶದವಾಗುತ್ತದೆ.

ದ್ರಾಕ್ಷಾಮದ್ಯವನ್ನು ತಯಾರಿಸುವ ಈ ಸಂಸ್ಥೆಯು 1829ರಲ್ಲಿ ಸ್ಥಾಪಿತವಾಯಿತು. ಅದಕ್ಕೆ ಆಧಾರವಾದ ತೋಟಗಳು ವಿಲೆರ್ಮೋಂ ಎಂಬ ಶ್ರೀಮಂತ ಕುಲದವನವು. ವ್ಯಾಪಾರಕ್ಕೆ ತನ್ನ ಹೆಸರನ್ನು ಕೊಡುವುದು ಅಂದಿನ ಕುಲೀನನ ಮರ್ಯಾದೆಗೆ ಒಪ್ಪುವಂತಹುದಲ್ಲ. ಆದಕಾರಣ ಆತನು ಮರೆಯಲ್ಲಿ ನಿಂತನು. ಸಂಸ್ಥೆಗೆ ಪಾಲುಗಾರರಾದ ರನೋದಾಂ ಮತ್ತು ಬೊಲಿಂಜರ್ ಎಂಬ ಇಬ್ಬರ ಹೆಸರುಗಳು ಬಂದುವು. ಜೋಸೆಫ್ ಬೊಲಿಂಜರನು ಫ್ರೆಂಚನಲ್ಲ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ ಬಂದವನು. 1837ರಲ್ಲಿ ಆತನು ವಿಲೆರ್ಮೋಂನ ಮಗಳನ್ನು ವಿವಾಹವಾದನು. ಹೀಗೆ ಮನೆತನದ ಎಳೆ ಮಗಳ ಮೂಲಕ ಸಾಗಿತು. ಹೆಸರು ಮಾತ್ರ ಅಳಿಯನದು. ರನೋದಾಂ 1850ರಲ್ಲಿಯೇ ವ್ಯವಹಾರವನ್ನು ಬಿಟ್ಟನು. ಆದರೂ ಅವನ ಹೆಸರು 1984ರ ವರೆಗೆ ಸೀಸೆಗಳ ಮೇಲೆ ಉಳಿದುಕೊಂಡಿತ್ತು.

ಸ್ಥಾಪಕನ ಮೊಮ್ಮಗ ಜಾಕ್ ಬೊಲಿಂಜರ್ 1918ರಲ್ಲಿ ಅಧಿಕಾರವನ್ನು ವಹಿಸಿ, ಜರ್ಮನ್ ಸೇನೆಯು ದೇಶವನ್ನು ಆಕ್ರಮಿಸಿದ್ದ ಕಾಲದಲ್ಲಿ, 1941ರಲ್ಲಿ, ಸಂತಾನವಿಲ್ಲದೆ ತೀರಿಕೊಂಡನು. ವಂಶಕ್ರಮವೊಂದನ್ನೇ ನೆಚ್ಚಿದ್ದರೆ ಮನೆತನದ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅವನ ವಿಧವೆ ಲಿಲಿ ಬೊಲಿಂಜರ್ ಭಾರವನ್ನು ಹೊತ್ತಳು. ಬೈಸಿಕಲ್ಲಿನ ಮೇಲೆ ಹೋಗಿ ತೋಟಗಳನ್ನು ತಾನೇ ನೋಡಿಕೊಳ್ಳುತ್ತ, 1971ರ ವರೆಗೆ, ಮೂವತ್ತು ವರ್ಷ, ಆಕೆ ಸಂಸ್ಥೆಯನ್ನು ನಡೆಸಿದಳು. ತರುವಾಯ ಆಡಳಿತವು ಬೊಲಿಂಜರ್ ಎಂಬ ಹೆಸರಿಲ್ಲದ ಬಂಧುಗಳಿಗೆ ಬಂದಿತು. 2008ರಿಂದ ಹೊರಗಿನವರೂ ಅಧ್ಯಕ್ಷಪದವಿಗೆ ಬಂದರು. ಒಡೆತನ ಮಾತ್ರ ಮನೆತನದಲ್ಲಿಯೇ ಇದೆ.

ಈ ಸಂಸ್ಥೆಯ ತೋಟಗಳ ವಿಷಯವೊಂದನ್ನು ಇಲ್ಲಿ ಹೇಳುವುದು ಅಪ್ರಕೃತವಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟವು ಯೂರೋಪಿನ ದ್ರಾಕ್ಷಿಯ ಬೇರುಗಳನ್ನು ನಾಶಮಾಡಿತು. ಅಂದಿನಿಂದ ಬಳ್ಳಿಗಳನ್ನು ಕೀಟಕ್ಕೆ ಮಣಿಯದ ಅಮೆರಿಕದ ಬೇರಿಗೆ ಕಸಿಮಾಡುವುದು ರೂಢಿಯಾಯಿತು. ಆಯಿಯಲ್ಲಿ ಬೊಲಿಂಜರರ ಎರಡು ಚಿಕ್ಕ ತುಂಡು ನೆಲಗಳಲ್ಲಿ ಮಾತ್ರ ಕಸಿಯಿಲ್ಲದ ಬಳ್ಳಿಗಳು ಉಳಿದಿವೆ; 1969ರ ಬೆಳೆಯಿಂದ ಮೊದಲುಗೊಂಡು ಅವುಗಳ ರಸದಿಂದ ಪ್ರತ್ಯೇಕವಾಗಿ ಮದ್ಯವನ್ನು ತಯಾರಿಸುತ್ತಾರೆ. ಅಲ್ಲಿ ಹಳೆಯ ಬಳ್ಳಿಯ ಕೊಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹುಗಿಯುತ್ತಾರೆ. ಅದು ಬೇರುಬಿಟ್ಟು ಹೊಸ ಬಳ್ಳಿಯಾಗುತ್ತದೆ. ಬೀಜದಿಂದಲ್ಲದೆ ಪಕ್ಕದ ಕೊಂಬೆಯಿಂದಲೂ ಸಂತತಿಯು ಮುಂದುವರಿಯಬಲ್ಲುದೆಂಬುದಕ್ಕೆ ಈ ತೋಟವೂ ಅದರ ಒಡೆಯರ ಮನೆತನವೂ ಸಮಾನವಾದ ಸಾಕ್ಷಿಗಳು.